ಅಡ್ಡಪಟ್ಟಿ, ಅರ ಮತ್ತು ಎರಡಲಗಿನ ಮೊನೆ: ನನ್ನ ಅನುಭವ

ಬಾಣಕ್ಕೆ ಅಂಟಿಸಿದ ಬ್ರಾಡ್‌ಹೆಡ್ಡನ್ನು, ಅಂದರೆ ಬೇಟೆಯ ಬಾಣದ ಅಲಗುಳ್ಳ ಮೊನೆಯನ್ನು, ಕಳಚದೆ, ಒಂದು ಅರ, ಒಂದು ಮರದ ಪಟ್ಟಿ, ಒಂದು ಪಿಂಗಾಣಿ ಕಡ್ಡಿ, ಒಂದು ಚರ್ಮದ ತುಂಡು ಇಷ್ಟರಲ್ಲೇ ತೋಳಿನ ಕೂದಲು ಬೋಳಿಸುವಷ್ಟು ಹರಿತ ಮಾಡಬಹುದು ಎಂದಾಗ ಜೊತೆಯ ಬಿಲ್ಲುಗಾರರು ನಂಬಲಿಲ್ಲ. ಬಾಣಕ್ಕೆ ಅಡ್ಡಲಾಗಿ ಕಟ್ಟಿದ ಪಟ್ಟಿಯನ್ನು ನೋಡಿ, ‘ಗಾಳಿಪಟ ಹಾರಿಸಲು ಹೊರಟಿದ್ದೀಯಾ’ ಎಂದು ಕೇಳಿದವರೂ ಉಂಟು. ಈಗ ಅವರಲ್ಲೇ ಇಬ್ಬರು ಪಟ್ಟಿಯ ಅಳತೆ ಬರೆದುಕೊಂಡು ಹೋಗಿದ್ದಾರೆ. ಉಳಿದವರಿಗೂ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಸುಲಭ.

ಮೊದಲು ಮೊನೆಯ ಆಯ್ಕೆ. ನಾನು ಬಳಸುವುದು ಎಳೆಯಲು ಸುಮಾರು 50 ಪೌಂಡ್ ಬಲ ಬೇಡುವ ಲಾಂಗ್‌ಬೋ, ಮರದ ಬಾಣ, ಬಾಣದ ಒಟ್ಟು ತೂಕ 600 ಗ್ರೇನ್ (ಸುಮಾರು 39 ಗ್ರಾಂ) ಆಸುಪಾಸು. ಈ ಶಕ್ತಿಗೆ ಎರಡಲಗಿನ, ಉದ್ದನೆಯ, 160 ಗ್ರೇನ್‌ನ ಅಂಟಿಸುವ ಮೊನೆಯೇ ಸಾಕು ಎಂಬುದು ನನ್ನ ತೀರ್ಮಾನ. ಬಾಣ ಎಷ್ಟು ಆಳ ಹೊಗುತ್ತದೆ ಎಂದು ಪರೀಕ್ಷಿಸಿದ ಎಡ್ ಆ್ಯಶ್‌ಬಿಯ ವಾದ ಬಿಲ್ಲುಗಾರರಿಗೆಲ್ಲ ಗೊತ್ತಿರುವುದೇ: ಅಗಲದ ಮೂರರಷ್ಟು ಉದ್ದ, ಒಂಟಿ ಬೆವೆಲ್ (ಅಂಚಿನ ಒಂದೇ ಮಗ್ಗುಲಲ್ಲಿ ಮಸೆದ ಇಳಿಜಾರು), ದಪ್ಪ ಮೂಳೆಗೆ 650 ಗ್ರೇನ್‌ಗೆ ಮೇಲ್ಪಟ್ಟ ಬಾಣ. ಮೂರರಲ್ಲಿ ಮೊದಲನೆಯದನ್ನು ಒಪ್ಪಿಕೊಂಡೆ. ಎರಡನೆಯದನ್ನು ಕೆಲವು ಬಾಣಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಮೂರನೆಯದನ್ನು ಒಪ್ಪಿದರೆ ನನ್ನ ಬಿಲ್ಲಿನಿಂದ ಬಾಣ ಇಪ್ಪತ್ತು ಗಜಕ್ಕೇ ತಲೆ ಬಾಗಿಸುತ್ತದೆ.

ಆದರೆ ತೂಕ, ಅಗಲಗಳಿಗಿಂತ ಮುಂಚೆ ನಾನು ನೋಡುವುದು ಉಕ್ಕಿಗೆ ಅರ ಕಚ್ಚುತ್ತದೆಯೇ ಎಂಬುದನ್ನು. ಒಳ್ಳೆಯ ಅರದ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 62ರಿಂದ 65ರವರೆಗೆ ಇರುತ್ತದೆ. ಮೊನೆ 50ರ ಒಳಗಿದ್ದರೆ ಅರ ಸಲೀಸಾಗಿ ತಿನ್ನುತ್ತದೆ; 55 ದಾಟಿತೆಂದರೆ ಅರ ಜಾರತೊಡಗುತ್ತದೆ, ವಜ್ರದ ಫಲಕಕ್ಕೇ ಹೋಗಬೇಕು. ಗಡಸು ಉಕ್ಕು ಹರಿತವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ, ನಿಜ. ಆದರೆ ಅಂಥ ಮೂರು ಮೊನೆಗಳ ಪೊಟ್ಟಣಕ್ಕೆ ನಾನು ತೆತ್ತ ಹಣದಲ್ಲಿ ಸಾಧಾರಣ ಕಾರ್ಬನ್ ಉಕ್ಕಿನ ಒಂದು ಡಜನ್ ಬರುತ್ತಿತ್ತು. ಕಲ್ಲಿಗೆ ತಾಗಿ ಬಾಯಿ ಮುಕ್ಕಾದ ಮೇಲೆ ಅದನ್ನು ಕಾಡಿನಲ್ಲಿ ಕುಳಿತು ಸರಿಪಡಿಸಲು ಆಗುವುದೇ ಇಲ್ಲ. ಅರ ಕಚ್ಚುವ ಮೊನೆಯಾದರೆ ಜೇಬಿನಲ್ಲಿರುವ ಗೇಣುದ್ದದ ಅರ ಸಾಕು. ಝ್ವಿಕಿ ಎಂಬ ಕಂಪನಿಯದರಂಥ ಹಳೆಯ ಮಾದರಿಯ ಮೊನೆಗಳನ್ನು ನಾನು ಇಂದಿಗೂ ಬಿಡದೆ ಇರುವುದಕ್ಕೆ ಕಾರಣ ಇದೇ. ಬದಲಿ ಅಲಗುಗಳ ಮೊನೆಗಳ ಬಗ್ಗೆ ನಾನು ಹೇಳುವುದೇನಿಲ್ಲ. ಅಲಗು ಮೊಂಡಾದರೆ ಎಸೆದು ಹೊಸದನ್ನು ಹಾಕುತ್ತಾರೆ, ಅಷ್ಟೇ.

ಮೂರಲಗಿನದನ್ನೂ ಎರಡು ಋತು ಬಳಸಿದ್ದೇನೆ. ಮಸೆಯುವುದಕ್ಕೆ ಅದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ: ಅರದ ಮೇಲೆ ಮಲಗಿಸಿದರೆ ಎರಡು ಅಂಚುಗಳು ಒಟ್ಟಿಗೇ ತಾಗುತ್ತವೆ, ಕೋನ ತಾನಾಗಿಯೇ 60 ಡಿಗ್ರಿಗೆ ಕೂರುತ್ತದೆ, ಉಜ್ಜುವುದು, ತಿರುಗಿಸುವುದು, ಉಜ್ಜುವುದು. ತೊಂದರೆಯೂ ಅದೇ 60 ಡಿಗ್ರಿ. ಬಾಯಿ ಗಟ್ಟಿ, ಆದರೆ ದಪ್ಪ. ನನ್ನ 50 ಪೌಂಡ್‌ಗೆ ಅದು ದುಬಾರಿ ಎನಿಸಿ ಬಿಟ್ಟೆ. ಭಾರಿ ಬಿಲ್ಲು ಎಳೆಯುವವರು ಬಿಡಬೇಕಿಲ್ಲ.

ಎರಡಲಗಿನದಕ್ಕೆ ಆ ಸೌಕರ್ಯವಿಲ್ಲ, ಕೋನವನ್ನು ನಾವೇ ಹಿಡಿಯಬೇಕು. ನನ್ನ ಹಣ ಕರಗಿದ್ದು ಇಲ್ಲಿಯೇ. ಉರುಳೆಯ ಮೇಲೆ ಓಡುವ ಹಿಡಿಕೆ ತಂದೆ. ಅದು ಅಲಗನ್ನು ಹಿಡಿಯುತ್ತದೆ, ಆದರೆ ಬಾಣದ ಕೋಲು ಕೂರುವ, ಮೊನೆಯ ಬುಡದ ಕೊಳವೆಯ ಇಳಿಜಾರಿನ ಮೇಲೆ ಹಿಡಿತ ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ ಕೂರುತ್ತದೆ. ಎರಡು ಬಗೆಯ ವಜ್ರದ ಫಲಕಗಳು ಬಂದವು. ಪಿಂಗಾಣಿ ಕಡ್ಡಿಗಳು ಬಂದವು. ಒಬ್ಬ ಗೆಳೆಯನ ಬೆಲ್ಟ್ ಯಂತ್ರದಲ್ಲೂ ಪ್ರಯತ್ನ ನಡೆಯಿತು. ತೆಳ್ಳನೆಯ ತುದಿ ಕ್ಷಣಾರ್ಧದಲ್ಲಿ ಕಾದು ಒಣಹುಲ್ಲಿನ ಹಳದಿ ಬಣ್ಣದಿಂದ ನೀಲಿಗೆ ತಿರುಗುತ್ತದೆ, ನೀಲಿ ಬಂತೆಂದರೆ ಅಲ್ಲಿನ ಹದ ಹೋಯಿತು. ಆ ಮೊನೆ ಹಲಗೆಗೆ ಬಡಿದಾಗ ತುದಿ ಮಡಚಿಕೊಂಡಿತು. ಒಟ್ಟು ಖರ್ಚು ಒಂದು ಸಾಧಾರಣ ಬಿಲ್ಲಿನ ಬೆಲೆಯ ಅರ್ಧದಷ್ಟಾದರೂ ಆಗಿರಬೇಕು. ಅರಕ್ಕೆ ಕೊಟ್ಟದ್ದು ಅದರ ಇಪ್ಪತ್ತನೇ ಒಂದು ಪಾಲೂ ಅಲ್ಲ.

ಉರುಳೆಯ ಹಿಡಿಕೆ ಯಾಕೆ ಕೈಕೊಡುತ್ತದೆ ಎಂದು ಲೆಕ್ಕ ಹಾಕಿದಾಗ ಪಟ್ಟಿಯ ಯೋಚನೆ ಬಂತು. ಅಂಚಿನಿಂದ ಉರುಳೆಗೆ ಇರುವ ದೂರ ನಾಲ್ಕೈದು ಸೆಂಟಿಮೀಟರ್. ಅಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ಕೋನ ಒಂದು ಡಿಗ್ರಿಗಿಂತ ಹೆಚ್ಚು ಬದಲಾಗುತ್ತದೆ. ಅದೇ ದೂರವನ್ನು 20 ಸೆಂಟಿಮೀಟರ್‌ಗೆ ಒಯ್ದರೆ ಒಂದು ಮಿಲಿಮೀಟರ್ ತಪ್ಪು ಡಿಗ್ರಿಯ ಮೂರನೇ ಒಂದು ಭಾಗವೂ ಆಗುವುದಿಲ್ಲ. ಬಾಣದ ಕೋಲು ದುಂಡಗಿರುವುದರಿಂದ ಅದನ್ನು ಹಿಡಿದು ಮಾತ್ರ ಕೋನ ನಿಲ್ಲುವುದಿಲ್ಲ, ಬೆರಳಿನಲ್ಲಿ ಉರುಳುತ್ತದೆ. ಹಾಗಾಗಿ ಕೊಳವೆಯಿಂದ ನಾಲ್ಕು ಬೆರಳು ಹಿಂದೆ ಕೋಲಿಗೆ ಅಡ್ಡಲಾಗಿ, ಅಲಗಿಗೆ ಸಮಾಂತರವಾಗಿ, ಒಂದು ಪಟ್ಟಿಯನ್ನು ಬಿಗಿದೆ. ಮಸೆಯುವ ಅಂಚು ಒಂದು ಕಡೆ, ಪಟ್ಟಿ ಚಾಚುವುದು ಅದರ ಎದುರು ಕಡೆ. ಅಂಚು ಅರದ ಮೇಲೆ, ಪಟ್ಟಿಯ ತುದಿ ನುಣುಪಾದ ಹಳಿಯ ಮೇಲೆ. ಅರದ ಮೈಯಿಂದ ಹಳಿ 7 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಹೆಚ್ಚುಕಡಿಮೆ 20 ಡಿಗ್ರಿ, 9 ಸೆಂಟಿಮೀಟರ್ ಆದರೆ 25. ಎರಡು ಕಡೆ ಮಸೆಯುವ ಮೊನೆಗೆ ಮೊದಲನೆಯದು, ಒಂಟಿ ಬೆವೆಲ್‌ಗೆ ಎರಡನೆಯದು. ಒಂದು ಅಲಗು ಮುಗಿದ ಮೇಲೆ ಪಟ್ಟಿಯನ್ನು ಆಚೆ ಬದಿಗೆ ಹಾಕಬೇಕು.

ಪಟ್ಟಿಯನ್ನು ಅಲಗಿಗೆ ಕರಾರುವಾಕ್ಕಾಗಿ ಸಮಾಂತರವಾಗಿ ಕೂರಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಉಪಾಯವಿದೆ, ಅರೆ ನಿಮಿಷವೂ ಹಿಡಿಯುವುದಿಲ್ಲ. ಅದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಕೈ ಪಳಗಿದವರಿಗೆ ತಾನಾಗಿ ಹೊಳೆಯುತ್ತದೆ.

ಮೊನೆಯನ್ನು ಅರದ ತುದಿಯಿಂದ ಹಿಡಿಯ ಕಡೆಗೆ ಎಳೆಯಬೇಕು, ಹಿಂದಕ್ಕೆ ಒಯ್ಯುವಾಗ ಎತ್ತಬೇಕು. ಹತ್ತು ಅಂಗುಲದ, ಒಂದೇ ಸಾಲು ಹಲ್ಲಿನ ಮಿಲ್ ಅರ. ಹಲ್ಲಿಗೆ ಸೀಮೆಸುಣ್ಣ ಉಜ್ಜಿದರೆ ಪುಡಿ ಸಿಕ್ಕಿಕೊಳ್ಳುವುದಿಲ್ಲ. ಅಂಚಿಗೆ ಕಪ್ಪು ಮಾರ್ಕರ್ ಬಳಿದು ಶುರುಮಾಡಿ, ಕಪ್ಪು ಪೂರ್ತಿ ಹೋದ ಮೇಲೆ ದೀಪದ ಕೆಳಗೆ ಅಂಚನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿ. ಮೊಂಡಾದ ಕಡೆ ಬೆಳಕು ಬಿಳಿ ಗೆರೆಯಾಗಿ ಹೊಳೆಯುತ್ತದೆ, ಹರಿತವಾದ ಕಡೆ ಏನೂ ಕಾಣುವುದಿಲ್ಲ. ಹೆಚ್ಚಾಗಿ ಆ ಗೆರೆ ಉಳಿಯುವುದು ತುದಿಯ ಹಿಂದಿನ ಕಾಲಂಗುಲದಲ್ಲಿ, ಯಾಕೆಂದರೆ ಎಳೆತದ ಕೊನೆಯಲ್ಲಿ ಕೈ ಹಗುರಾಗುತ್ತದೆ. ಹತ್ತಿಯ ಎಳೆಯನ್ನು ಅಂಚಿನಿಂದಾಚೆಗೆ ಸವರಿದರೆ ಬರ್ (ಉಜ್ಜಿದಾಗ ಅಂಚಿನಾಚೆಗೆ ಏಳುವ ತೆಳು ಲೋಹದ ಎಳೆ) ಎಲ್ಲಿ ಎದ್ದಿದೆ, ಎಲ್ಲಿ ಎದ್ದಿಲ್ಲ ಎಂಬುದು ತಿಳಿಯುತ್ತದೆ. ಕೊಳವೆಯಿಂದ ತುದಿಯವರೆಗೆ ಬರ್ ಎದ್ದ ಮೇಲೆಯೇ ಮಗ್ಗುಲು ಬದಲಿಸುವುದು. ಕೊನೆಯ ಕೆಲವು ಎಳೆತ ಅರದ ಭಾರಕ್ಕೂ ಕಡಿಮೆ ಒತ್ತಡದಲ್ಲಿ, ಒಂದು ಆ ಕಡೆ ಒಂದು ಈ ಕಡೆ.

ನಂತರ ನುಣುಪು ಪಿಂಗಾಣಿಯ ಮೇಲೆ ನಾಲ್ಕಾರು ಸಲ, ಕೊನೆಗೆ ಹಸಿರು ಕ್ರೋಮಿಯಂ ಆಕ್ಸೈಡ್ ಸವರಿದ ಚರ್ಮದ ಮೇಲೆ ಹಿಮ್ಮುಖವಾಗಿ. ಅರದ ಗರಗಸದಂಥ ಬಾಯಿಯನ್ನೇ ಹಾಗೆಯೇ ಬಿಡಬೇಕು ಎನ್ನುವ ಪಂಥ ಒಂದಿದೆ. ಅದನ್ನೂ ಪರೀಕ್ಷಿಸಿದೆ. ಪೆಟ್ಟಿಗೆಯ ಬಾಯಿಗೆ ಸಡಿಲವಾಗಿ ರಬ್ಬರ್ ಬ್ಯಾಂಡ್ ಕಟ್ಟಿ, ಮೊನೆಯನ್ನು ನಿಧಾನವಾಗಿ ತಳ್ಳಿದರೆ ಮೊಂಡು ಬಾಯಿ ಬ್ಯಾಂಡನ್ನು ದೂಡಿಕೊಂಡು ಹೋಗುತ್ತದೆ, ಹರಿತವಾದದ್ದು ಮುಟ್ಟಿದಲ್ಲೇ ಕತ್ತರಿಸುತ್ತದೆ. ಹೊಸದಾಗಿ ಮಸೆದಾಗ ಎರಡೂ ಗೆದ್ದವು. ಒಣಗಿದ ಹಳೆಯ ಚರ್ಮದ ಮೂಲಕ ಒಂದೊಂದು ಸಲ ಹೊಡೆದ ಮೇಲೆ ಅರದ ಬಾಯಿ ಬ್ಯಾಂಡನ್ನು ದೂಡಿತು, ನುಣುಪಾದದ್ದು ಆಗಲೂ ಕತ್ತರಿಸಿತು. ಬರ್ ಉಳಿಸಿದ ಬಾಯಿ ತೋಳಿನ ಕೂದಲನ್ನು ಚೆನ್ನಾಗಿ ಬೋಳಿಸುತ್ತದೆ, ಆದರೆ ಮೊದಲ ಪೆಟ್ಟಿಗೇ ಮಡಚಿಕೊಳ್ಳುತ್ತದೆ. ಕೂದಲಿನ ಪರೀಕ್ಷೆಯನ್ನು ಆವತ್ತಿನಿಂದ ನಂಬುವುದಿಲ್ಲ.

ಇದೇ ಗುಂಗಿನಲ್ಲಿ ತುಕ್ಕಿನ ಪರೀಕ್ಷೆಯೂ ಆಯಿತು. ಕಾರ್ಬನ್ ಉಕ್ಕು ಒಂದೇ ಮಂಜಿನ ಬೆಳಗ್ಗೆಗೆ ಕೆಂಪಾಗುತ್ತದೆ, ತುಕ್ಕು ಮೊದಲು ತಿನ್ನುವುದೇ ಅಂಚನ್ನು. ಹೊಲಿಗೆ ಯಂತ್ರದ ಎಣ್ಣೆ, ಮೇಣ, ವ್ಯಾಸಲೀನ್ ಮೂರನ್ನೂ ಸವರಿ ಒದ್ದೆ ಬತ್ತಳಿಕೆಯಲ್ಲಿ ಒಂದು ವಾರ ಬಿಟ್ಟೆ. ಎಣ್ಣೆ ಜಾರಿ ಹೋಗಿತ್ತು, ಮೇಣ ಅಂಚಿನಲ್ಲಿ ಸಿಡಿದಿತ್ತು, ವ್ಯಾಸಲೀನ್ ಮಾತ್ರ ಕಾಪಾಡಿತ್ತು. ಬತ್ತಳಿಕೆಯ ಸ್ಪಂಜಿಗೆ ಮೊನೆ ಚುಚ್ಚಿಡುವ ಅಭ್ಯಾಸವನ್ನೂ ಬಿಟ್ಟೆ. ಸ್ಪಂಜು ಪ್ರತಿ ಸಲವೂ ಬಾಯಿಯನ್ನು ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತದೆ.

ಮಸೆದಂತೆಲ್ಲ ಮೊನೆ ಸವೆಯುತ್ತದೆ ಎಂಬುದನ್ನು ಮರೆಯಬೇಡಿ. 160 ಗ್ರೇನ್‌ನ ಮೊನೆ ಕೆಲವು ಋತುಗಳಲ್ಲಿ 150ರ ಹತ್ತಿರಕ್ಕೆ ಇಳಿದದ್ದನ್ನು ತೂಕದಲ್ಲಿ ಕಂಡಿದ್ದೇನೆ. ಅಗಲವೂ ಇಳಿಯುತ್ತದೆ, ಹಲವು ಕಡೆ ಬೇಟೆಯ ನಿಯಮದ ಪ್ರಕಾರ ಕನಿಷ್ಠ 7/8 ಅಂಗುಲ ಇರಲೇಬೇಕು. ನಾನು ಋತುವಿನ ಆರಂಭದಲ್ಲಿ ಎಲ್ಲವನ್ನೂ ತೂಗಿ, ಹತ್ತಿರದ ತೂಕದವುಗಳನ್ನು ಮೂರು ಮೂರರ ಗುಂಪು ಮಾಡುತ್ತೇನೆ. ಅಗಲ ತೀರಾ ಇಳಿದವುಗಳನ್ನು ಅಭ್ಯಾಸದ ಬಾಣಗಳಿಗೆ ಹಾಕುತ್ತೇನೆ. ಬಾಣವನ್ನು ಉಗುರಿನ ಮೇಲೆ ನಿಲ್ಲಿಸಿ ತಿರುಗಿಸಿದಾಗ ಮೊನೆ ಅಲುಗಿದರೆ ಬಿಸಿ ಮಾಡಿ, ತಿರುಗಿಸಿ, ಮತ್ತೆ ಅಂಟಿಸುತ್ತೇನೆ. ಮಸೆಯುವುದು ಅದಾದ ಮೇಲೆ.