ಮಡಿವಾಳ ಹಕ್ಕಿಯ ಹೊಟ್ಟೆ ಹಸಿರಾಗದಿರಲಿ

ಮಾರ್ಚ್ ಬಂತೆಂದರೆ ಶಿರಸಿ ಕಡೆಯ ಹಿತ್ತಲುಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಮಡಿವಾಳ ಹಕ್ಕಿಯ ಸಿಳ್ಳೆ ಶುರು. ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಅದರ ಫೋಟೊಗಳೂ ಶುರು. ಹೆಚ್ಚಿನವು ಒಂದೇ ತರ: ಬೆನ್ನು ಇದ್ದಿಲು, ಹೊಟ್ಟೆ ಸುಣ್ಣ, ಕಣ್ಣೆಲ್ಲಿದೆ ಅಂತ ಹುಡುಕಬೇಕು. ಈ ಕಪ್ಪು ಬಿಳಿ ಹಕ್ಕಿಯನ್ನು ಕ್ಯಾಮೆರಾದಲ್ಲಿ ಸರಿಯಾಗಿ ಹಿಡಿಯುವುದು ಹೇಗೆ ಅಂತ ನೋಡೋಣ.

ಮೊದಲು ಜಾಗ. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಒಂದೆರಡು ಇಂಚು ನೀರು, ಪಕ್ಕದಲ್ಲೊಂದು ಒಣ ಕೊಂಬೆ, ಅದರ ಹಿಂದೆ 15-20 ಅಡಿ ಖಾಲಿ ಜಾಗ. ದಾಂಡೇಲಿ ಹತ್ತಿರದ ಗಣೇಶಗುಡಿಗೆ ಎಲ್ಲೆಲ್ಲಿಂದಲೋ ಬರುವ ಫೋಟೊಗ್ರಾಫರ್‌ಗಳು ಕೂರುವುದೂ ಇಂಥ ನೀರಿನ ಮುಂದೆಯೇ. ಮರೆಗೆ ಅಂತ ಹಸಿರು ಬಲೆ ಕೊಳ್ಳಬೇಡಿ, ಜಗಲಿ ಬಾಗಿಲು ಅರ್ಧ ಮುಚ್ಚಿ ಒಳಗೆ ಕೂತರೆ ಸಾಕು. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸಂತೂ ಬೇಡವೇ ಬೇಡ. ನಾನು ತಂದಿದ್ದನ್ನು ಈಗ ಅಕ್ಕನ ಮಗ ತಿರುಗಿಸಿ ಹಿಡಿದು ಇರುವೆ ನೋಡುತ್ತಾನೆ. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯುವ ಅಡ್ಡದಾರಿಯೂ ಬೇಡ. ಅದು ಮರಿ ಮಾಡುವ ಕಾಲ, ಬೇರೆ ಗಂಡು ಬಂತು ಅಂತ ಹಕ್ಕಿ ಜಗಳಕ್ಕೆ ಬರುತ್ತದೆ. ಗೂಡಿನ ಹತ್ತಿರವೂ ಹೋಗಬೇಡಿ.

ಶಟರ್ ವೇಗ ಸೆಕೆಂಡಿನ 1/1000 ಇಡಿ, ಕೂತಲ್ಲೇ ಬಾಲ ಎತ್ತೆತ್ತಿ ಹಾಕುವ ಹಕ್ಕಿ ಇದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಹೆದರಬೇಡಿ. ಫೋಕಸ್ ಕಣ್ಣಿಗೆ. ಫೈಲ್ ರಾ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಉಳಿಸುವ ಬಗೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಎದುರಿಗಿರುವುದನ್ನೆಲ್ಲ ಸರಾಸರಿ ಬೂದು ಮಾಡುವುದಷ್ಟೇ ಕ್ಯಾಮೆರಾಗೆ ಗೊತ್ತು. ಹಿಂದೆ ಅಡಿಕೆ ತೋಟದ ಕತ್ತಲಿದ್ದರೆ ಬೆಳಕು ಸಾಲದು ಅಂದುಕೊಂಡು ಜಾಸ್ತಿ ಮಾಡುತ್ತದೆ, ಹೊಟ್ಟೆಯ ಬಿಳಿ ಸುಟ್ಟುಹೋಗುತ್ತದೆ. ಆಗ ಎಕ್ಸ್‌ಪೋಶರ್ ಕಂಪನ್ಸೇಶನ್, ಅಂದರೆ ಫೋಟೊದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಚಕ್ರವನ್ನು, ಮೈನಸ್ ಒಂದಕ್ಕೆ ಇಳಿಸಿ. ಅದೇ ಹಕ್ಕಿ ಹಾರಿ ಕರೆಂಟ್ ತಂತಿಯ ಮೇಲೆ ಕೂತಿತೋ, ಹಿಂದೆ ಬರೀ ಆಕಾಶ, ಈಗ ಪ್ಲಸ್ ಒಂದು ಅಥವಾ ಒಂದೂವರೆ ಬೇಕು; ಆಕಾಶ ಬೆಳ್ಳಗಾದರೆ ಆಗಲಿ ಬಿಡಿ. ಈ ಚಕ್ರ ತಿರುಗಿಸುವುದು ಕೈಗೆ ರೂಢಿಯಾಗಬೇಕು, ನೋಡಿಕೊಂಡು ತಿರುಗಿಸುವಷ್ಟರಲ್ಲಿ ಹಕ್ಕಿ ಪಕ್ಕದ ಮನೆ ಸೇರಿರುತ್ತದೆ. ಒಂದು ಕ್ಲಿಕ್ ಆದಮೇಲೆ ತೆರೆಯಲ್ಲಿ ಹೊಟ್ಟೆಯನ್ನು ಹಿಗ್ಗಿಸಿ ನೋಡಿ. ಗರಿಯ ಗೆರೆ ಕಾಣದಿದ್ದರೆ ಇನ್ನೂ ಇಳಿಸಿ. ಕತ್ತಲಾದ ಕಪ್ಪನ್ನು ರಾ ಫೈಲಿನಿಂದ ಎಳೆದು ತರಬಹುದು, ಸುಟ್ಟ ಬಿಳಿಯನ್ನು ತರಲಾಗದು.

ಎಡಿಟಿಂಗಿಗೆ ದುಡ್ಡು ಸುರಿಯಬೇಕಿಲ್ಲ, ಡಾರ್ಕ್‌ಟೇಬಲ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿ ಮಾಡುವುದು. ನಮ್ಮಲ್ಲಿ ಬೆಳಕು ಸೋಗೆ, ಬಾಳೆಎಲೆ ದಾಟಿ ಬರುವಾಗ ಹಸಿರಾಗಿರುತ್ತದೆ, ಆ ಹಸಿರು ಸೀದಾ ಹಕ್ಕಿಯ ಹೊಟ್ಟೆಗೆ ಬಡಿಯುತ್ತದೆ. ಹೆಸರು ಮಡಿವಾಳ, ಬಟ್ಟೆ ಮಾತ್ರ ಪಾಚಿ! ಸುಟ್ಟಿರದ ಬಿಳಿಯ ಮೇಲೆ ಬಣ್ಣ ಆರಿಸುವ ಪಿಕರ್ ಇಡಿ, ಆಮೇಲೂ ಹಸಿರು ಉಳಿದರೆ ಟಿಂಟ್ ಸ್ಲೈಡರನ್ನು ಮಜೆಂಟಾ (ನೇರಳೆ ಗುಲಾಬಿ) ಕಡೆ ಚೂರು ಸರಿಸಿ. ಬೆನ್ನಿನ ನೀಲಿ ಹೊಳಪು ಕಾಣುವವರೆಗೆ ಮಾತ್ರ ನೆರಳು ಎತ್ತಿ. ನಾಯ್ಸ್ (ಫೋಟೊದಲ್ಲಿ ಕಾಣುವ ಕಾಳುಕಾಳು) ತೆಗೆಯುವ ಸ್ಲೈಡರ್ ಅರ್ಧಕ್ಕೆ ನಿಲ್ಲಲಿ, ಮುಂದೆ ಹೋದರೆ ಗರಿಯೆಲ್ಲ ಮೇಣ. ಶಾರ್ಪ್ ಮಾಡುವುದು ಅದಾದಮೇಲೆ. ಸ್ಯಾಚುರೇಶನ್ ಮುಟ್ಟಲೇಬೇಡಿ, ಕಪ್ಪು ಬಿಳಿ ಹಕ್ಕಿಗೆ ಅದು ಯಾಕೆ ಅಲ್ವಾ? ಕ್ರಾಪ್ ಮಾಡುವಾಗ ಹಕ್ಕಿ ನೋಡುವ ಕಡೆ ಜಾಗ ಬಿಡಿ.

ಹೆಣ್ಣು ಹಕ್ಕಿಯ ಬೆನ್ನು, ಎದೆ ಬೂದು. ಕ್ಯಾಮೆರಾಗೆ ಬೇಕಾದ್ದೂ ಅದೇ ಬಣ್ಣ, ಅರ್ಧ ತಾಪತ್ರಯ ಇರುವುದಿಲ್ಲ. ಅಭ್ಯಾಸ ಅದರಿಂದಲೇ ಶುರು ಮಾಡಿ.