ವೋಲ್ಟೇಜ್ ಹೇಳಿದಂತೆ ಕೇಳುವ ಡಿಲೇ: ಮಾಡ್ಯುಲರ್ ಸಿಂಥ್‌ಗೆ ಆರಿಸುವುದು ಹೇಗೆ?

‘ಇಕೋ ಸ್ವಲ್ಪ ಏರಸ್ರೀ’ ಎಂದು ಭಜನಾ ಮೇಳದವರು ಮೈಕ್‌ಸೆಟ್‌ನವನಿಗೆ ಕೈ ಮಾಡುವುದನ್ನು ನೋಡದವರು ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಸಿಗುವುದು ಕಷ್ಟ. ಆತ ಆಂಪ್ಲಿಫೈಯರ್ ಮೇಲಿನ ಗುಂಡಿ ತಿರುಗಿಸುತ್ತಾನೆ, ಹಾಡಿದ ಸಾಲು ತಿರುಗಿ ತಿರುಗಿ ಕೇಳುತ್ತದೆ. ಡಿಲೇ ಎಂದರೆ ಇಷ್ಟೇ. ಬಿಡಿ ಮಾಡ್ಯೂಲ್‌ಗಳನ್ನು ವೈರಿನಿಂದ ಜೋಡಿಸಿ ನುಡಿಸುವ ಮಾಡ್ಯುಲರ್ ಸಿಂಥ್‌ನಲ್ಲಿ ಆ ಗುಂಡಿಯನ್ನು ಕೈಯ ಬದಲು ಇನ್ನೊಂದು ಮಾಡ್ಯೂಲಿನಿಂದ ಬರುವ ವೋಲ್ಟೇಜು ತಿರುಗಿಸುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ‘ಎಷ್ಟು ಸೆಕೆಂಡು ಡಿಲೇ ಬರುತ್ತದೆ’ ಎಂದು ಕೇಳುವುದಕ್ಕಿಂತ ‘ಟೈಮ್ ಬದಲಾಗುವಾಗ ಏನು ಕೇಳಿಸುತ್ತದೆ’ ಎಂದು ಕೇಳುವುದು ಲೇಸು. ಹೊಸಬರು ಹೆಚ್ಚಾಗಿ ಮೊದಲನೆಯದನ್ನೇ ಕೇಳುತ್ತಾರೆ.

ಮೊದಲು: ಟೈಮ್‌ಗೆ ಏನು ಚುಚ್ಚುತ್ತೀರಿ?

ಟೈಮ್ ಇನ್‌ಪುಟ್‌ಗೆ ನಿಧಾನದ ಎಲ್‌ಎಫ್‌ಒ (ಮೆಲ್ಲಗೆ ಏರಿಳಿಯುತ್ತಲೇ ಇರುವ ವೋಲ್ಟೇಜ್) ಕೊಡುತ್ತೀರೋ, ಹಂತ ಹಂತವಾಗಿ ವೋಲ್ಟೇಜ್ ಬದಲಿಸುವ ಸೀಕ್ವೆನ್ಸರ್ ಕೊಡುತ್ತೀರೋ, ಕೀಬೋರ್ಡಿನ ಸ್ವರದ ವೋಲ್ಟೇಜ್ ಕೊಡುತ್ತೀರೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಒಂದು ಮಾಡ್ಯೂಲ್ ಮೂರನ್ನೂ ಚೆನ್ನಾಗಿ ಮಾಡುವುದು ಅಪರೂಪ.

ಕೆಲವು ಡಿಲೇಗಳಲ್ಲಿ ಟೈಮ್ ಕಡಿಮೆಯಾದರೆ ಒಳಗಿರುವ ಧ್ವನಿ ಕೀರಲಾಗಿ ಮೇಲೇರುತ್ತದೆ, ಹೆಚ್ಚಾದರೆ ಕೆಳಗೆ ಜಾರುತ್ತದೆ. ಎಲ್‌ಎಫ್‌ಒ ಕೊಟ್ಟರೆ ಇಲ್ಲಿ ಸೊಗಸಾದ ಆಂದೋಲನ ಬರುತ್ತದೆ. ಇನ್ನು ಕೆಲವು ಡಿಜಿಟಲ್ ಡಿಲೇಗಳು ಹಳೆಯ ಟೈಮ್‌ನಿಂದ ಹೊಸದಕ್ಕೆ ಮೆಲ್ಲಗೆ ಬೆರೆಸಿಕೊಂಡು ದಾಟುತ್ತವೆ, ಸ್ವರ ಅಲುಗುವುದಿಲ್ಲ. ಸೀಕ್ವೆನ್ಸರಿಗೆ ಇದು ಹೊಂದುತ್ತದೆ. ಮೂರನೆಯ ಬಗೆಯವು ಲಯದ ಮಿಡಿತ ಕೊಡುವ ಕ್ಲಾಕಿನ ಭಾಗಗಳಿಗೇ ಅಂಟಿಕೊಂಡು ಅರ್ಧ, ಕಾಲು, ಮುಕ್ಕಾಲು ಎಂದು ಜಿಗಿಯುತ್ತವೆ. ತಂಬೂರಿಗೆ ಪಳಗಿದ ಕಿವಿಯವರು ಮೊದಲ ಬಗೆಯದನ್ನು ಹಾಡಿನ ಮೇಲೆ ಹಾಕಿದರೆ ಮುಖ ಕಿವುಚುವುದು ಖಂಡಿತ. ಅದನ್ನು ಸಿಂಥ್ ಧ್ವನಿಗೇ ಮೀಸಲಿಡಿ.

ಎರಡನೆಯದು: ಒಳಗಿನ ಚಿಪ್ ಯಾವುದು?

1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದಲ್ಲಿ ಹುಟ್ಟಿದ ಬಕೆಟ್ ಬ್ರಿಗೇಡ್ ಚಿಪ್ (ಬಿಬಿಡಿ) ಅನಲಾಗ್ ಡಿಲೇಯ ಜೀವ. ಬೆಂಕಿ ಬಿದ್ದಾಗ ಜನ ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸುವಂತೆ, ಧ್ವನಿಯ ತುಣುಕು ಒಂದು ಕೆಪಾಸಿಟರಿನಿಂದ ಮುಂದಿನದಕ್ಕೆ ಡಿಲೇಯೊಳಗಿನ ಕ್ಲಾಕಿನ ಪ್ರತಿ ಅರ್ಧ ಮಿಡಿತಕ್ಕೂ ದಾಟುತ್ತದೆ. ಲೆಕ್ಕ ಸುಲಭ: ಒಟ್ಟು ಹಂತಗಳನ್ನು, ಅಂದರೆ ಸಾಲಿನ ಕೆಪಾಸಿಟರುಗಳನ್ನು, ಕ್ಲಾಕಿನ ವೇಗದ ಎರಡರಷ್ಟರಿಂದ ಭಾಗಿಸಿ. ಎಂಎನ್3005 ಎಂಬ ಬಿಬಿಡಿ ಚಿಪ್‌ನಲ್ಲಿ 4096 ಹಂತ. ಕ್ಲಾಕು 10 ಕಿಲೋಹರ್ಟ್ಸ್ ಇದ್ದರೆ ಸುಮಾರು 205 ಮಿಲಿಸೆಕೆಂಡು. ಎಂಎನ್3007ರಲ್ಲಿ 1024 ಹಂತ, ಅದೇ ಕ್ಲಾಕಿಗೆ 51.

ಹೆಚ್ಚು ಹೊತ್ತು ಬೇಕೆಂದು ಕ್ಲಾಕನ್ನು ಇಳಿಸಿದಷ್ಟೂ ಮೇಲಿನ ನಾದ ಹೋಗುತ್ತದೆ. 10 ಕಿಲೋಹರ್ಟ್ಸ್ ಕ್ಲಾಕಿನಲ್ಲಿ 5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಫಿಲ್ಟರ್ ಕತ್ತರಿಸಲೇಬೇಕು, ಇಲ್ಲವಾದರೆ ಕ್ಲಾಕಿನ ಶಿಳ್ಳೆಯೇ ಕೇಳುತ್ತದೆ. ತಬಲಾದ ಕಿನಾರಿನ ‘ನಾ’ ಹಾಕಿ ನೋಡಿ: ಮೊದಲ ಮರುದನಿಯಲ್ಲಿ ಅದರ ಚೂಪು ಹೋಗಿರುತ್ತದೆ, ಮೂರನೆಯದರಲ್ಲಿ ಬರೀ ‘ದುಂ’ ಉಳಿಯುತ್ತದೆ. ಇದನ್ನು ದೋಷ ಎನ್ನುವವರಿದ್ದಾರೆ. ನನಗೆ ಬಿಬಿಡಿ ಹಿಡಿಸುವುದೇ ಇದಕ್ಕೆ. ಡೋಪ್ಫರ್ ಕಂಪನಿಯ ಎ-188-1 ಬೇರೆ ಬೇರೆ ಹಂತಗಳ ಚಿಪ್‌ಗಳಲ್ಲಿ ಬರುತ್ತದೆ. ಕೋರಸ್, ಫ್ಲ್ಯಾಂಜರ್‌ನಂಥ ತೀರಾ ಚಿಕ್ಕ ಡಿಲೇಯ ಪರಿಣಾಮ ಬೇಕಿದ್ದರೆ ಕಡಿಮೆ ಹಂತದ್ದು, ಮರುದನಿ ಬೇಕಿದ್ದರೆ 4096ರದು.

ಇನ್ನೊಂದು ಪಿಟಿ2399. ಕರಾವೊಕೆ ಮತ್ತು ಮೈಕ್ ಇಕೋ ಬೋರ್ಡುಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿರುವ ಅಗ್ಗದ ಡಿಜಿಟಲ್ ಚಿಪ್ ಇದು. ಸುಮಾರು 30ರಿಂದ 340 ಮಿಲಿಸೆಕೆಂಡು, 5 ವೋಲ್ಟ್ ಸಪ್ಲೈ. ಟೈಮ್ ಹೆಚ್ಚಿದಂತೆ ಗರಗರ. ಬೆಸುಗೆ ಬರುವವರು ಇದರಿಂದಲೇ ಮನೆಯಲ್ಲಿ ಮಾಡ್ಯೂಲ್ ಕಟ್ಟಬಹುದು. ಆರನೆಯ ಕಾಲಿನಿಂದ ಗ್ರೌಂಡ್‌ಗೆ ಹೋಗುವ ರೆಸಿಸ್ಟೆನ್ಸೇ ಟೈಮ್ ನಿರ್ಧರಿಸುತ್ತದೆ. ಅಲ್ಲಿ ಟ್ರಾನ್ಸಿಸ್ಟರ್ ಕೂರಿಸಿದರೆ ವೋಲ್ಟೇಜ್ ಕಂಟ್ರೋಲ್ ಬಂತು. ಆದರೆ ಪವರ್ ಕೊಟ್ಟ ಕ್ಷಣ ಆ ರೆಸಿಸ್ಟೆನ್ಸ್ ಒಂದೆರಡು ಕಿಲೋಓಮ್‌ಗಿಂತ ಕಡಿಮೆಯಿದ್ದರೆ ಚಿಪ್ ಒಮ್ಮೊಮ್ಮೆ ಶುರುವೇ ಆಗದೆ ಮುನಿಸಿಕೊಂಡು ಕೂರುತ್ತದೆ. ಕೆಟ್ಟಿತೆಂದು ಕಿತ್ತೆಸೆಯುವ ಮುಂಚೆ ಇದನ್ನು ನೋಡಿ.

ಪೂರಾ ಡಿಜಿಟಲ್ ಮಾಡ್ಯೂಲ್‌ಗಳಲ್ಲಿ ಮೆಮೊರಿಗೆ ಬರವಿಲ್ಲ. ಹಳೆಯ ಎಫ್‌ವಿ-1 ಚಿಪ್ ಮಾತ್ರ 32.768 ಕಿಲೋಹರ್ಟ್ಸ್‌ನಲ್ಲಿ ಒಂದು ಸೆಕೆಂಡಿನ ಡಿಲೇಗೆ ನಿಲ್ಲುತ್ತದೆ.

ಮೂರನೆಯದು: ಲಯದ ಲೆಕ್ಕ

60,000ವನ್ನು ನಿಮಿಷದ ಮಾತ್ರೆಗಳಿಂದ ಭಾಗಿಸಿದರೆ ಒಂದು ಮಾತ್ರೆಯ ಮಿಲಿಸೆಕೆಂಡು ಸಿಗುತ್ತದೆ. ನಿಮಿಷಕ್ಕೆ 120 ಮಾತ್ರೆಯ ತೀನ್‌ತಾಲಕ್ಕೆ 500. ಮುಕ್ಕಾಲು ಮಾತ್ರೆಗೆ 375. ಪಿಟಿ2399 ಎರಡನ್ನೂ ಮುಟ್ಟುವುದಿಲ್ಲ, ಅರ್ಧ ಮಾತ್ರೆಗೆ ಅಡ್ಡಿಯಿಲ್ಲ. ವಿಲಂಬಿತದಲ್ಲಿ ಮಾತ್ರೆಯೊಂದೇ ಹಲವು ಸೆಕೆಂಡು ಎಳೆಯುವುದರಿಂದ ಲೂಪ್ ಮಾಡಬಲ್ಲ ಡಿಜಿಟಲ್ ಡಿಲೇಯೇ ಬೇಕು.

ಸೀಕ್ವೆನ್ಸರ್ ಜೊತೆ ನುಡಿಸುವವರಿಗೆ ಕ್ಲಾಕ್ ಇನ್‌ಪುಟ್ ಇರಲೇಬೇಕು. ತಬಲಾದವರ ಜೊತೆ ಕೂರುವವರಿಗೆ ಅದರಿಂದ ಉಪಯೋಗ ಕಡಿಮೆ. ಲಯ ಏರುತ್ತ ಹೋದಂತೆ ಕ್ಲಾಕು ಹಿಂದೆ ಬೀಳುತ್ತದೆ. ಬೆರಳಿಂದ ತಟ್ಟುವ ಟ್ಯಾಪ್ ಬಟನ್ ಇರುವುದನ್ನು ನೋಡಿ.

ನಾಲ್ಕನೆಯದು: ಫೀಡ್‌ಬ್ಯಾಕ್

ಮರುದನಿಯನ್ನು ತಿರುಗಿ ಡಿಲೇಗೇ ಉಣಿಸುವ ಫೀಡ್‌ಬ್ಯಾಕ್‌ಗೂ ವೋಲ್ಟೇಜ್ ಇನ್‌ಪುಟ್ ಇದೆಯೇ? ಆ ದನಿಯನ್ನು ಹೊರತೆಗೆದು ಮತ್ತೆ ಒಳಬಿಡುವ ಸೆಂಡ್–ರಿಟರ್ನ್ ಜಾಕ್ ಇದೆಯೇ? ಇದ್ದರೆ ಮರುದನಿಯ ದಾರಿಯಲ್ಲೇ ಫಿಲ್ಟರ್ ಕೂರಿಸಬಹುದು. ನೂರು ಶೇಕಡಾ ದಾಟಿಸಿದಾಗ ಮೆತ್ತಗೆ ತುಂಬಿಕೊಳ್ಳುತ್ತದೋ, ಪಟಪಟ ಒಡೆಯುತ್ತದೋ ಕೇಳಿ.

ಡಿಲೇ ತೀರಾ ಚಿಕ್ಕದಾಗಿ, ಫೀಡ್‌ಬ್ಯಾಕ್ ಹೆಚ್ಚಾದರೆ ಮರುದನಿ ಮಾಯವಾಗಿ ಸ್ವರ ಹುಟ್ಟುತ್ತದೆ. ಕಪ್ಪು ಒಂದರ ಷಡ್ಜ, ಅಂದರೆ ಸುಮಾರು 138.6 ಹರ್ಟ್ಸ್, ಬೇಕೆಂದರೆ 7.2 ಮಿಲಿಸೆಕೆಂಡು ಸಾಕು. ಅದಕ್ಕೆ ಚಿಕ್ಕದೊಂದು ‘ಟಿಕ್’ ಕೊಟ್ಟರೆ ಮೀಟಿದ ತಂತಿಯ ದನಿ ಬರುತ್ತದೆ. ಈ ಕೆಲಸಕ್ಕೆ ಟೈಮ್ ಇನ್‌ಪುಟ್ ಒಂದು ವೋಲ್ಟಿಗೆ ಒಂದು ಸಪ್ತಕ ಎಂಬ ನಿಯಮ ಪಾಲಿಸಬೇಕು. ಅನಲಾಗ್ ಕ್ಲಾಕು ಬಿಸಿಗೆ ಸರಿಯುತ್ತದೆ. ಏಪ್ರಿಲ್ ತಿಂಗಳ ಗದಗಿನಲ್ಲಿ ಶ್ರುತಿ ನಿಲ್ಲಲಿ ಎನ್ನುವವರು ಡಿಜಿಟಲ್ ಕಡೆ ವಾಲುವುದೇ ವಾಸಿ.

ಕೊಳ್ಳುವ ಮುಂಚೆ

ವಿಸಿವಿ ರ್‍ಯಾಕ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಟೈಮ್, ಫೀಡ್‌ಬ್ಯಾಕ್, ಟೋನ್, ಮಿಕ್ಸ್ ನಾಲ್ಕಕ್ಕೂ ವೋಲ್ಟೇಜ್ ಕೊಡಬಹುದಾದ ಡಿಲೇ ಇದೆ. ಅದರಲ್ಲಿ ಕೆಲ ವಾರ ಆಡಿದರೆ ನಿಮಗೆ ನಿಜಕ್ಕೂ ಯಾವ ಇನ್‌ಪುಟ್ ಬೇಕೆಂದು ಗೊತ್ತಾಗುತ್ತದೆ. ಹೊರದೇಶದಿಂದ ತರಿಸುವಾಗ ಕೊರಿಯರ್, ಸುಂಕ ಸೇರಿ ಬೆಲೆ ಏರುವುದರಿಂದ ಈ ತಾಳ್ಮೆಗೆ ಬೆಲೆಯಿದೆ.

ಕೈಪಿಡಿಯಲ್ಲಿ ವೋಲ್ಟೇಜಿನ ವ್ಯಾಪ್ತಿ ಓದಿ. 0ರಿಂದ 5 ವೋಲ್ಟ್ ಕೇಳುವ ಇನ್‌ಪುಟ್‌ಗೆ ಮೈನಸ್ 5ರಿಂದ ಪ್ಲಸ್ 5ರ ಎಲ್‌ಎಫ್‌ಒ ಕೊಟ್ಟರೆ ಕೆಳಗಿನ ಅರ್ಧ ವ್ಯರ್ಥ. ಪಕ್ಕದಲ್ಲೇ ಅಳತೆ ತಗ್ಗಿಸುವ ಗುಂಡಿ ಇದ್ದರೆ ಒಳ್ಳೆಯದು. ಯೂರೋರ್‍ಯಾಕ್ (ಮಾಡ್ಯೂಲ್‌ಗಳ ಒಂದು ಸಾಮಾನ್ಯ ಅಳತೆ) ಕೇಸಿನಲ್ಲಿ ಅಗಲ ಅಳೆಯುವ ಒಂದು ಎಚ್‌ಪಿ ಎಂದರೆ 5.08 ಮಿಲಿಮೀಟರ್, ಜಾಗದ ಜೊತೆ, ಪ್ಲಸ್ 12 ವೋಲ್ಟಿನ ಪವರ್ ಸಾಲಿನಲ್ಲಿ ಎಷ್ಟು ಮಿಲಿಆಂಪಿಯರ್ ಉಳಿದಿದೆ ಎಂದೂ ಕೂಡಿಸಿ ನೋಡಿ, ಡಿಜಿಟಲ್ ಡಿಲೇಗಳ ಹಸಿವು ದೊಡ್ಡದು.

ಜೋಡಿಸುವಾಗ ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಮೈನಸ್ 12ರ ಕಡೆ ಇರಬೇಕು. ಫೀಡ್‌ಬ್ಯಾಕ್ ಸೊನ್ನೆಗಿಳಿಸಿ, ಸ್ಪೀಕರ್ ಸಣ್ಣಗೆ ಮಾಡಿ, ಆಮೇಲೆ ಸ್ವಿಚ್ ಹಾಕಿ.