ರೊಕ್ಕ ಇದೆ, ಹೆಸರು ಹೊಂದುವುದಿಲ್ಲ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ವಿದ್ಯಾರ್ಥಿವೇತನದ ಕೆಲಸವನ್ನು ಯಾರೂ ಆಸೆಪಟ್ಟು ವಹಿಸಿಕೊಳ್ಳುವುದಿಲ್ಲ. ಶಾಲೆಗೆ ಹೊಸದಾಗಿ ಬಂದವರ ಕೊರಳಿಗೆ ಬೀಳುತ್ತದೆ. ನನಗೂ ಹಾಗೆಯೇ ಬಿತ್ತು. ಆಮೇಲೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಈಗ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಫೋನ್ ಮಾಡಿ, "ಮೇಡಂ, ಹೊಸದಾಗಿ ಯಾವ ಸ್ಕಾಲರ್‌ಶಿಪ್ ಬಂದಿದೆ?" ಎಂದು ಕೇಳುತ್ತಾರೆ. ಅದಕ್ಕೆ ನನ್ನ ಮರುಪ್ರಶ್ನೆ ಒಂದೇ: ಮಕ್ಕಳ ಆಧಾರ್ ಕಾರ್ಡನ್ನೂ ಶಾಲೆಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೀರಾ?

ನಮ್ಮ ಕಡೆ ಮಗುವಿನ ಹೆಸರಿನ ಹಿಂದೆ ತಂದೆಯ ಹೆಸರು, ಅದರ ಹಿಂದೆ ಅಡ್ಡಹೆಸರು. ಶಾಲೆಯ ದಾಖಲೆಯಲ್ಲಿ ಮೂರೂ ಇರುತ್ತವೆ. ಆಧಾರ್‌ನಲ್ಲಿ ಒಮ್ಮೊಮ್ಮೆ ಅಡ್ಡಹೆಸರೇ ಇರುವುದಿಲ್ಲ, ಒಮ್ಮೊಮ್ಮೆ ತಂದೆಯ ಹೆಸರು ಒಂದಕ್ಷರಕ್ಕೆ ಇಳಿದಿರುತ್ತದೆ. ಅಜ್ಜಿಯ ಹೆಸರಿಟ್ಟ ಹುಡುಗಿ ಒಂದು ಕಾಗದದಲ್ಲಿ ಮಲ್ಲವ್ವ, ಇನ್ನೊಂದರಲ್ಲಿ ಮಲ್ಲಮ್ಮ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ. ಅರ್ಜಿ ಹಾಕುವ ದಿನ ಇದು ಗೊತ್ತಾದರೆ ಆ ವರ್ಷದ ರೊಕ್ಕ ಹೋದಂತೆಯೇ. ಆದ್ದರಿಂದ ಅರ್ಜಿ ಕರೆಯುವವರೆಗೆ ಕಾಯದೆ, ಜೂನ್‌ನಲ್ಲಿ ದಾಖಲಾತಿ ಮುಗಿದ ಕೂಡಲೇ ಕಾಗದಗಳ ಕೆಲಸ ಶುರುಮಾಡುತ್ತೇನೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಹದಿನೈದು ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಮತ್ತೊಮ್ಮೆ ಕೊಡಬೇಕು. ಐದನೇ ವಯಸ್ಸಿನಲ್ಲಿ ಕೊಟ್ಟದ್ದು ಇನ್ನೂ ನಡೆಯುತ್ತದೆ ಎಂದೇ ಮನೆಯವರು ನಂಬಿರುತ್ತಾರೆ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಜಾತಿ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ ಮುಗಿಯಿತು. ಆದಾಯದ್ದು ಐದು ವರ್ಷಕ್ಕೆ. ಎರಡಕ್ಕೂ ನಾಡಕಚೇರಿಗೆ ಹೋಗಬೇಕು, ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು ಆ ಸಂಖ್ಯೆಯನ್ನೇ.

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಬ್ಯಾಂಕ್ ಖಾತೆ. ಪಾಸ್‌ಬುಕ್ ತಂದು ತೋರಿಸಿದರೆ ಸಾಲದು. ಸರ್ಕಾರದ ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅದು ಯಾವ ಬ್ಯಾಂಕು ಎಂಬುದನ್ನು ಆಧಾರ್ ಜಾಲತಾಣದಲ್ಲಿ ನೋಡಬಹುದು, ಆದರೆ ಒಟಿಪಿ ಬೇಕು. ಒಟಿಪಿ ಹೋಗುವುದು ಅಪ್ಪನ ಮೊಬೈಲಿಗೆ, ಅಪ್ಪ ಇರುವುದು ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ. ಹಗಲಲ್ಲಿ ಅವರು ಫೋನ್ ಎತ್ತುವುದಿಲ್ಲ. ಹಾಗಾಗಿ ಈ ಒಂದು ಕೆಲಸವನ್ನು ರಾತ್ರಿ ಊಟವಾದ ಮೇಲೆ ಮನೆಯಿಂದಲೇ ಮಾಡುತ್ತೇನೆ. ಮೊದಲೇ ಮಗುವಿನ ಕೈಯಿಂದ ಅಪ್ಪನಿಗೆ ಹೇಳಿಸಿರುತ್ತೇನೆ. ಇಲ್ಲವಾದರೆ ಒಟಿಪಿ ಕೇಳುವವರೆಲ್ಲ ಕಳ್ಳರು ಎಂದು ಫೋನ್ ಇಟ್ಟುಬಿಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹೀಗೆ ನೋಡುವಾಗಲೇ ಒಬ್ಬ ಹುಡುಗನ ಹಣ ಎಲ್ಲಿ ಹೋಗಿದೆ ಎಂಬುದು ತಿಳಿಯಿತು. ಊರಿಗೆ ಬಂದ ಯಾರೋ ಸಿಮ್ ಮಾರುವವರು ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಖಾತೆ ತೆರೆದಿದ್ದರು. ಎರಡು ವರ್ಷದ ವಿದ್ಯಾರ್ಥಿವೇತನ ಅಲ್ಲಿ ಹಾಗೆಯೇ ಕುಳಿತಿತ್ತು. ತಾಯಿ ಮೊಬೈಲಿನ ಪರದೆ ನೋಡಿ, "ಅಕ್ಕೋರೇ, ಇದು ನಮ್ಮ ರೊಕ್ಕವೇ ಹೌದಾ?" ಎಂದು ಕೇಳುತ್ತಲೇ ಇದ್ದರು.

ಕಾಗದ ಸರಿಯಿದ್ದರೆ ಯೋಜನೆ ಹುಡುಕುವುದು ಅಷ್ಟು ಕಷ್ಟವಲ್ಲ. ಎಂಟನೇ ತರಗತಿಯವರಿಗೆ ನಾನು ಬೆನ್ನುಹತ್ತುವುದು ಎನ್‌ಎಂಎಂಎಸ್ ಪರೀಕ್ಷೆಯನ್ನು, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆಯನ್ನು. ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಒಂದು ಪಠ್ಯದ್ದು, ಇನ್ನೊಂದು ಬುದ್ಧಿಶಕ್ತಿಯದು. ನಮ್ಮ ಮಕ್ಕಳು ಎಡವುವುದು ಎರಡನೆಯದರಲ್ಲಿ, ಏಕೆಂದರೆ ಅಂಥ ಪ್ರಶ್ನೆಗಳನ್ನು ಅವರು ಕಂಡೇ ಇರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಶನಿವಾರ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡರೆ ಕೆಲವೇ ವಾರಗಳಲ್ಲಿ ಹೆದರಿಕೆ ಹೋಗುತ್ತದೆ.

ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರದ ರೈತ ವಿದ್ಯಾನಿಧಿ 2021ರಲ್ಲಿ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ನಮ್ಮದೇ ಜಿಲ್ಲೆಯ ಶಿಗ್ಗಾಂವಿಯ ಶಾಸಕರಾಗಿದ್ದರಿಂದ ಇಲ್ಲಿ ಅದರ ಸುದ್ದಿ ಬೇಗ ಹರಡಿತು. ಪಿಯುಸಿ, ಐಟಿಐ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ಎಂದು ನಿಗದಿಯಾಗಿತ್ತು. ಮೇಲಿನ ಓದಿಗೆ ಹೆಚ್ಚು. ಇದಕ್ಕೆ ಬೇಕಾದದ್ದು ತಂದೆ ಅಥವಾ ತಾಯಿಯ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ, ದಿನವೂ ಆ ಹೊಲದಲ್ಲಿ ದುಡಿಯುವ ಅಪ್ಪ ಕಾಗದದ ಮೇಲೆ ರೈತನೇ ಅಲ್ಲ. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ ಎಂದು ನಾನು ಪಾಲಕರ ಸಭೆಯಲ್ಲಿ ಹೇಳುವುದು ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರ ಜಗಳಕ್ಕೂ ಕಾರಣವಾಗಿದೆ. ಆದರೂ ಹೇಳುತ್ತೇನೆ.

ಖಾಸಗಿ ಸಂಸ್ಥೆಗಳದು ಬೇರೆ ಲೆಕ್ಕ. ಸರೋಜಿನಿ ದಾಮೋದರನ್ ಪ್ರತಿಷ್ಠಾನದ ವಿದ್ಯಾಧನ್ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 90 ಅಂಕ ಬೇಕು, ಆದಾಯ ಎರಡು ಲಕ್ಷದೊಳಗಿರಬೇಕು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೋ ಡಿಪ್ಲೊಮಾಗೋ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತದೆ. ಅದನ್ನು ತಿಳಿದ ಮೇಲೆ, ನಮ್ಮಿಂದ ಹೊರಹೋದ ಹುಡುಗಿಯರಿಗೆಲ್ಲ ಫೋನ್ ಮಾಡಿ ಹೇಳುವುದು ನನಗೆ ಇನ್ನೊಂದು ಕೆಲಸವಾಗಿದೆ.

ಖಾಸಗಿಯವರು ಕೆಲವೊಮ್ಮೆ ಮಗು ತನ್ನ ಬಗ್ಗೆ ತಾನೇ ಬರೆಯಬೇಕು ಎನ್ನುತ್ತಾರೆ. ಒಬ್ಬ ಹುಡುಗಿ, "ನಾನು ಕಡುಬಡತನದಲ್ಲಿ ಹುಟ್ಟಿ ದೇಶಸೇವೆಯ ಕನಸು ಕಂಡವಳು" ಎಂದು ಬರೆದು ತಂದಳು. ಅದು ಅವಳ ಮಾತಲ್ಲ ಎಂಬುದು ಓದಿದ ಯಾರಿಗೂ ತಿಳಿಯುತ್ತದೆ. "ಭಾನುವಾರ ಏನು ಮಾಡುತ್ತೀ ತಂಗಿ?" ಎಂದು ಕೇಳಿದೆ. ತಾಯಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಕೂಲಿ ತೂಕದ ಮೇಲೆ. ಸಾಲಿನಲ್ಲಿ ಕುಳಿತ ಹೆಂಗಸರಿಗೆಲ್ಲ ಇವಳೇ ಲೆಕ್ಕ ಬರೆಯುತ್ತಾಳೆ. ಯಾರ ಚೀಲ ಎಷ್ಟು ತೂಗಿತು, ಯಾರಿಗೆ ಎಷ್ಟು ಬಾಕಿ, ಎಲ್ಲವೂ ಒಂದು ಹಳೆಯ ನೋಟ್‌ಬುಕ್‌ನಲ್ಲಿದೆ. ಕೊಡುವವನು ಒಮ್ಮೆ ಕಡಿಮೆ ಕೊಟ್ಟಾಗ ಅದನ್ನೇ ತೆರೆದು ತೋರಿಸಿದ್ದಾಳೆ. "ಇದನ್ನೇ ಬರೆ" ಎಂದೆ. "ಇದನ್ನು ಬರೆಯಬಹುದಾ?" ಎಂದು ಅವಳಿಗೇ ಆಶ್ಚರ್ಯ. ಬರೆದಳು, ಸಂದರ್ಶನಕ್ಕೂ ಕರೆ ಬಂತು.

ಊರಿನ ಯುವಕರು ಸಂಜೆಯ ಅಭ್ಯಾಸ ಕೇಂದ್ರಕ್ಕೆ ಕಂಪ್ಯೂಟರ್ ಬೇಕೆಂದು ಕಂಪನಿಗಳ ಸಿಎಸ್‌ಆರ್ ಹಣದ, ಅಂದರೆ ಅವು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣದ ಬಗ್ಗೆ ಕೇಳಲು ಬಂದಿದ್ದರು. ಅದರ ದಾರಿ ಬೇರೆಯೇ. 2021ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಇಲ್ಲದ ಸಂಸ್ಥೆಯ ಮೂಲಕ ಕಂಪನಿಗಳು ಈ ಕೆಲಸ ಮಾಡಿಸುವಂತಿಲ್ಲ, ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ಹೊಸದಾಗಿ ಸಂಘ ಕಟ್ಟಿ ಇದೆಲ್ಲಕ್ಕೂ ಓಡಾಡುವುದಕ್ಕಿಂತ, ಇದೆಲ್ಲ ಇರುವ ಒಂದು ಟ್ರಸ್ಟ್‌ನ ಜೊತೆ ಸೇರಿ ಕೇಳಿ ಎಂದೆ. ಹಾಗೆಯೇ ಮಾಡಿದರು. ಆದರೆ ಪ್ರತಿ ರಸೀದಿಯನ್ನೂ ಜೋಪಾನವಾಗಿಡಬೇಕು ಎಂಬುದನ್ನು ಅವರಿಗೆ ಒಪ್ಪಿಸಲು ಟ್ರಸ್ಟ್ ಹುಡುಕಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇನ್ನು ನವೀಕರಣ. ಎನ್‌ಎಂಎಂಎಸ್ ಸಿಕ್ಕ ಮಗು ಪ್ರತಿ ವರ್ಷವೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು, ಶಾಲೆಯವರು ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಹತ್ತನೇ ತರಗತಿವರೆಗೆ ನಾನಿರುತ್ತೇನೆ. ಪಿಯುಸಿಗೆ ಹಾವೇರಿಗೋ ರಾಣೆಬೆನ್ನೂರಿಗೋ ಹೋದ ಮೇಲೆ ಅಲ್ಲಿ ಕೇಳುವವರಿರುವುದಿಲ್ಲ, ಉಳಿದ ಎರಡು ವರ್ಷದ 24,000 ಹಾಗೆಯೇ ಕೈತಪ್ಪುತ್ತದೆ. ಈಗ ಟಿ.ಸಿ. ಕೊಡುವಾಗಲೇ ಅರ್ಜಿ ಸಂಖ್ಯೆಯನ್ನು ಮಗುವಿನ ಫೈಲಿನ ಒಳಪುಟದಲ್ಲಿ ಬರೆಸುತ್ತೇನೆ, ಸೇರಿದ ಕಾಲೇಜಿನಲ್ಲಿ ಈ ಕೆಲಸ ನೋಡುವವರು ಯಾರೆಂದು ತಿಳಿದು ಜುಲೈನಲ್ಲಿ ನಾನೇ ಅವರಿಗೆ ಫೋನ್ ಮಾಡುತ್ತೇನೆ.